ನಿಂತು ವರ್ಷಗಳಾದ ಎಂಜಿನ್ ನಿಜಕ್ಕೂ ಸೀಜ್ ಆಗಿದೆಯೇ? ಕೀ ತಿರುಗಿಸುವ ಮುನ್ನ ಮಾಡಬೇಕಾದ ಪರೀಕ್ಷೆ

ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟದ ಕೆಳಗೆ, ಕೆಟ್ಟು ನಿಂತದ್ದೋ ಸುಮ್ಮನೆ ನಿಂತದ್ದೋ ಯಾರಿಗೂ ಸರಿಯಾಗಿ ನೆನಪಿಲ್ಲದ ಒಂದು ಗಾಡಿ ಇದ್ದೇ ಇರುತ್ತದೆ. ಅಪ್ಪ ಓಡಿಸುತ್ತಿದ್ದ ಟ್ರ್ಯಾಕ್ಟರ್, ಆರ್‌ಸಿ ಅವಧಿ ಮುಗಿದ ಮೇಲೆ ಹೊರಗೆ ಬಾರದ ಜೀಪು, ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗ ಬಿಟ್ಟುಹೋದ ಬುಲೆಟ್, ಹೀಗೆ ಯಾವುದೋ ಒಂದು. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗಿ ವರ್ಷ ವರ್ಷವೂ ಮಾರುಕಟ್ಟೆಗೆ ಹೋಗುತ್ತದೆ; ಕೆಳಗಿನ ಗಾಡಿ ಮಾತ್ರ ಸಿಪ್ಪೆಯ ಧೂಳು ಹೊದ್ದು ಅಲ್ಲೇ ಉಳಿಯುತ್ತದೆ. ಎಂದೋ ಒಂದು ದಿನ ಮನಸ್ಸಾಗಿ ಹೊಸ ಬ್ಯಾಟರಿ ತಂದು ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಬರುತ್ತದೆ. ಸುತ್ತ ನಿಂತವರಲ್ಲಿ ಒಬ್ಬರಾದರೂ ಎಂಜಿನ್ ಸೀಜ್ ಆಗಿದೆ, ಅಂದರೆ ಒಳಗೆ ಕಚ್ಚಿಕೊಂಡು ತಿರುಗದಂತಾಗಿದೆ, ಗುಜರಿಗೆ ಹಾಕಿಬಿಡಿ ಎಂದು ಹೇಳಿಯೇ ತೀರುತ್ತಾರೆ.

ಆ ಒಂದು ಸದ್ದಿನಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಲಾಗದು. ಬ್ಯಾಟರಿಯ ಅರ್ಥ್ ತಂತಿ ತುಕ್ಕು ಹಿಡಿದಿದ್ದರೂ, ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡಿದ್ದರೂ, ಸಿಲಿಂಡರಿನೊಳಗೆ ನೀರು ನಿಂತಿದ್ದರೂ ಸದ್ದು ಅದೇ. ಇವುಗಳಲ್ಲಿ ಮೊದಲಿನೆರಡು ಅರ್ಧ ದಿನದ ಕೆಲಸ. ಮೂರನೆಯದು ತಿಳಿಯದೆ ಬಲ ಹಾಕಿದವರ ಕೈಯಲ್ಲಿ ಎಂಜಿನ್ನನ್ನೇ ಒಡೆಯುತ್ತದೆ. ಆದ್ದರಿಂದ ಈ ಲೇಖನದ ಕ್ರಮವೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: ಎಂಜಿನ್ನನ್ನು ಮೊದಲು ತಿರುಗಿಸಬೇಕಾದದ್ದು ನಿಮ್ಮ ಕೈ, ಬ್ಯಾಟರಿಯಲ್ಲ, ಹಗ್ಗ ಕಟ್ಟಿ ಎಳೆಯುವ ಇನ್ನೊಂದು ಗಾಡಿಯಂತೂ ಅಲ್ಲವೇ ಅಲ್ಲ.

ಇದನ್ನು ನಾನು ಕಲಿತದ್ದು ಗುಬ್ಬಿ ತಾಲ್ಲೂಕಿನ ನಮ್ಮ ಸೋದರಮಾವನ ಮೂರು ಸಿಲಿಂಡರಿನ ಟ್ರ್ಯಾಕ್ಟರಿನಿಂದ. ಅದು ನಾಲ್ಕು ವರ್ಷ ಕೊಟ್ಟಿಗೆಯ ಸೂರಿನಂಚಿನಲ್ಲಿ ನಿಂತಿತ್ತು. ಮೇಲ್ಮುಖವಾದ ಸೈಲೆನ್ಸರಿನ ಬಾಯಿಗೆ ನಮ್ಮ ಕಡೆ ಎಲ್ಲರೂ ಮಾಡುವಂತೆ ಒಂದು ಕರಟ ಮುಚ್ಚಿಟ್ಟಿದ್ದರು. ಯಾವ ಗಾಳಿಗೆ ಅದು ಬಿತ್ತೋ ಯಾರೂ ಗಮನಿಸಿರಲಿಲ್ಲ. ಮಾವ ಪಕ್ಕದ ತೋಟದ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿಸಿ, ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟರು. ಹಿಂದಿನ ಚಕ್ರಗಳು ತಿರುಗದೆ ಕೆಂಪು ಮಣ್ಣಿನಲ್ಲಿ ಎರಡು ಸಾಲು ಗೀರಿಕೊಂಡು ಹತ್ತು ಮಾರು ಹೋದವು, ಆಮೇಲೆ ಒಮ್ಮೆಲೇ ತಿರುಗಿದವು. ಬಿಟ್ಟುಕೊಂಡಿತು ಎಂದು ಎಲ್ಲರಿಗೂ ಖುಷಿಯಾಯಿತು. ಸಿಲಿಂಡರುಗಳ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿದಾಗ ಒಂದನೇ ಸಿಲಿಂಡರಿನಲ್ಲಿ ತುಕ್ಕು ಬಣ್ಣದ ನೀರಿತ್ತು, ಅದರ ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನ ತಿರುಗುವ ದಂಡಕ್ಕೆ, ಜೋಡಿಸುವ ಕನೆಕ್ಟಿಂಗ್ ರಾಡ್ ಕುಡುಗೋಲಿನಂತೆ ಬಾಗಿತ್ತು. ಗಾಡಿ ನಿಂತಾಗ ಆ ಸಿಲಿಂಡರಿನಿಂದ ಹೊಗೆ ಹೊರಹೋಗುವ ಎಗ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲಿತ್ತು, ಮಳೆಯ ನೀರು ಸೈಲೆನ್ಸರಿನಿಂದ ನೇರವಾಗಿ ಒಳಗಿಳಿದಿತ್ತು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಲಾಗದೆ ಹೋದಾಗ ನಡುವೆ ಇದ್ದ ರಾಡ್ ಬಾಗಬೇಕಾಯಿತು. ಡೀಸೆಲ್ ಚಿಮ್ಮಿಸುವ ಮೂರು ನಾಝಲ್‌ಗಳನ್ನು ಮೊದಲೇ ಬಿಚ್ಚಿದ್ದರೆ ಆ ನೀರು ಅರ್ಧ ಗಂಟೆಯಲ್ಲಿ ಹೊರಗೆ ಚಿಮ್ಮುತ್ತಿತ್ತು.

ಮೊದಲು ವಿಚಾರಣೆ, ಆಮೇಲೆ ಪಾನಾ

ಗಾಡಿ ಹೇಗೆ ನಿಂತಿತು ಎಂಬುದನ್ನು ಕೊನೆಯದಾಗಿ ಓಡಿಸಿದವರಿಂದ ಕೇಳಿ ತಿಳಿಯಿರಿ. ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ತಂದು ನಿಲ್ಲಿಸಿ ಮರೆತಿದ್ದರೆ, ಕಚ್ಚಿಕೊಂಡಿದ್ದರೂ ಅದು ತುಕ್ಕಿನ ಕಚ್ಚುವಿಕೆ: ಸಿಲಿಂಡರಿನ ಗೋಡೆಯ ಮೇಲಿದ್ದ ಆಯಿಲಿನ ಪದರ ತಿಂಗಳುಗಳ ಕಾಲ ಮೆಲ್ಲಗೆ ಕೆಳಗಿಳಿದು, ತೆರೆದ ವಾಲ್ವಿನ ಮೂಲಕ ಬಂದ ತೇವಕ್ಕೆ ಬೀಡು ಕಬ್ಬಿಣದ ಗೋಡೆಯೂ ಪಿಸ್ಟನ್ನಿನ ರಿಂಗುಗಳೂ ತುಕ್ಕಿನಿಂದ ಬೆಸೆದುಕೊಂಡಿರುತ್ತವೆ. ಇಂಥದ್ದು ಹಲವು ಬಾರಿ ಎಣ್ಣೆ ಮತ್ತು ತಾಳ್ಮೆಗೆ ಬಿಡುತ್ತದೆ. ಹಾಗಲ್ಲದೆ, ರೇಡಿಯೇಟರ್ ಕುದಿದು ಅಥವಾ ಆಯಿಲ್ ಬತ್ತಿ, ಓಡುತ್ತಿರುವಾಗಲೇ ಬಿಗಿಯಾಗುತ್ತಾ ಬಂದು ನಿಂತಿದ್ದರೆ ಅಲ್ಯೂಮಿನಿಯಂ ಪಿಸ್ಟನ್ ಗೋಡೆಗೆ ಸವರಿಕೊಂಡಿರಬಹುದು ಅಥವಾ ಬೇರಿಂಗ್ ಕರಗಿ ಹಿಡಿದಿರಬಹುದು. ಅದಕ್ಕೆ ಎಣ್ಣೆ ನೆನೆಹಾಕುವುದರಿಂದ ಏನೂ ಆಗದು. ಹೀಗೆ ಈ ಒಂದು ಪ್ರಶ್ನೆಯ ಉತ್ತರ ಮುಂದಿನ ಒಂದು ವಾರದ ಶ್ರಮವನ್ನು ಉಳಿಸಬಲ್ಲದು.

ಆಮೇಲೆ ಕಣ್ಣಿನಿಂದ ನೋಡುವ ಕೆಲಸ. ಏರ್ ಕ್ಲೀನರಿನ ಮುಚ್ಚಳ ತೆಗೆಯಿರಿ; ತೆಂಗಿನ ಸೀಮೆಯಲ್ಲಿ ಇಲಿಗಳಿಗೆ ನಾರಿನ ಬಡತನವಿಲ್ಲ, ಅಂಗೈಯಗಲದ ಗೂಡು ಅಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಗೂಡನ್ನು ಹೊರತೆಗೆದ ಮೇಲೆ ಅಲ್ಲಿಂದ ಎಂಜಿನ್‌ವರೆಗಿನ ಕೊಳವೆಯನ್ನೂ ಬಿಚ್ಚಿ ನೋಡಿ, ಏಕೆಂದರೆ ಒಂದು ತುಂಡು ನಾರು ವಾಲ್ವಿನ ಅಂಚಿನಲ್ಲಿ ಸಿಕ್ಕರೂ ಸಾಕು, ಅದು ಸರಿಯಾಗಿ ಮುಚ್ಚಿಕೊಳ್ಳದು. ರೇಡಿಯೇಟರಿನಲ್ಲಿ ನೀರಿನ ಮಟ್ಟ ನೋಡಿ: ಹೊರಗೆ ಎಲ್ಲಿಯೂ ಸೋರಿದ ಗುರುತಿಲ್ಲದೆ ನೀರು ಖಾಲಿಯಾಗಿದ್ದರೆ ಅದು ಹೆಡ್ ಗ್ಯಾಸ್ಕೆಟ್ ದಾಟಿ ಒಳಗೆ ಹೋಗಿರಬಹುದು. ಆಯಿಲ್ ಕಡ್ಡಿ ಎಳೆದು ನೋಡಿದಾಗ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಅಥವಾ ಮೇಲಿನ ಗೆರೆಗಿಂತ ಎತ್ತರಕ್ಕೆ ಬಂದಿದ್ದರೆ, ಅದರಲ್ಲಿ ನೀರೋ ಇಂಧನವೋ ಸೇರಿದೆ ಎಂದೇ ತಿಳಿಯಿರಿ. ಆದರೆ ಕಡ್ಡಿ ಚೊಕ್ಕಟವಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ವರ್ಷಗಟ್ಟಲೆ ಅಲುಗಾಡದೆ ನಿಂತ ಎಂಜಿನ್ನಿನಲ್ಲಿ ನೀರು ಆಯಿಲಿನ ಜೊತೆ ಬೆರೆಯದೆ ತಳದಲ್ಲಿ ಕೂತಿರುತ್ತದೆ. ಕೆಳಗೆ ಒಂದು ಅಗಲವಾದ ಪಾತ್ರೆಯಿಟ್ಟು ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ಸಡಿಲಿಸಿ. ನೀರಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ನೀರು ಕಂಡರೆ ಇಡೀ ಆಯಿಲನ್ನು ಇಳಿಸಿ, ಹೊಸ ಆಯಿಲ್ ಹಾಕದೆ ಎಂಜಿನ್ನನ್ನು ತಿರುಗಿಸಬೇಡಿ.

ಕಚ್ಚಿಕೊಂಡಿರುವುದು ಎಂಜಿನ್ನೇ ಹೌದೇ

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಸಮತಟ್ಟಾದ ಜಾಗದಲ್ಲಿ ತಳ್ಳಿ ನೋಡಿ. ನ್ಯೂಟ್ರಲ್‌ನಲ್ಲಿಯೂ ಚಕ್ರ ಅಲುಗದಿದ್ದರೆ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿರುವ ಸಾಧ್ಯತೆಯೇ ಹೆಚ್ಚು, ಅದಕ್ಕೂ ಎಂಜಿನ್ನಿಗೂ ಸಂಬಂಧವಿಲ್ಲ. ನಂತರ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಬಿಡಿ. ಕೈ ಒಳಗಿರುವಾಗ ಯಾರೋ ಮಕ್ಕಳು ಕೀ ತಿರುಗಿಸುವಂಥ ಅನಾಹುತ ಮನೆಯ ಅಂಗಳದಲ್ಲಿ ಆಗುವಷ್ಟು ಗ್ಯಾರೇಜಿನಲ್ಲಿ ಆಗುವುದಿಲ್ಲ.

ಮುಂದೆ ಫ್ಯಾನ್ ಬೆಲ್ಟನ್ನು ಸಡಿಲಿಸಿ ತೆಗೆದು, ಡೈನಮೋ, ವಾಟರ್ ಪಂಪ್, ಕಾರಾದರೆ ಎ.ಸಿ. ಕಂಪ್ರೆಸರ್, ಇವುಗಳ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ. ತುಕ್ಕು ಹಿಡಿದ ಬೇರಿಂಗ್ ಬೆಲ್ಟಿನ ಮೂಲಕ ಎಂಜಿನ್ನನ್ನು ಬಿಗಿ ಹಿಡಿದು ನಿಲ್ಲಿಸಿದಂತೆ ತೋರುವುದುಂಟು. ಸೆಲ್ಫ್ ಮೋಟಾರಿನ ಎರಡು ಬೋಲ್ಟ್ ಬಿಚ್ಚಿ ಅದನ್ನು ಹೊರತೆಗೆಯುವುದು ಇನ್ನೂ ಒಳ್ಳೆಯದು: ಪಿನಿಯನ್ ಸಿಕ್ಕಿಕೊಂಡಿದ್ದರೆ ಅಲ್ಲಿಯೇ ಬಿಡುತ್ತದೆ, ತೆರೆದ ಜಾಗದಿಂದ ಫ್ಲೈವೀಲಿನ ಹಲ್ಲುಗಳೂ ಕಾಣುತ್ತವೆ. ಇಷ್ಟೆಲ್ಲ ಆದ ಮೇಲೂ ಕ್ರ್ಯಾಂಕ್ ತಿರುಗದಿದ್ದರೆ ಆಗ ಎಂಜಿನ್ನಿನ ಒಳಗನ್ನು ಅನುಮಾನಿಸಬಹುದು.

ಪ್ಲಗ್ ಅಥವಾ ನಾಝಲ್ ಬಿಚ್ಚುವುದು

ಇದನ್ನು ಬಿಟ್ಟು ಮುಂದೆ ಹೋಗಬಾರದು. ಡೀಸೆಲ್ ಎಂಜಿನ್ ಒಳಗೆಳೆದ ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತುತ್ತದೆ, ಹಳೆಯ ಪೆಟ್ರೋಲ್ ಎಂಜಿನ್ 8ರಿಂದ 10 ಪಟ್ಟು. ನಾಝಲ್ ಇದ್ದಂತೆಯೇ ಡೀಸೆಲ್ ಎಂಜಿನ್ನನ್ನು ಪಾನಾದಿಂದ ತಿರುಗಿಸಲು ಹೋದರೆ ಆರೋಗ್ಯವಾಗಿರುವ ಎಂಜಿನ್ ಕೂಡ ಸೀಜ್ ಆದಂತೆ ಅನ್ನಿಸುತ್ತದೆ. ಎಲ್ಲ ಸಿಲಿಂಡರಿನ ಪ್ಲಗ್ ಅಥವಾ ನಾಝಲ್‌ಗಳನ್ನು ತೆಗೆದರೆ ಈ ಒತ್ತಡವೂ ಇಲ್ಲ, ಒಳಗೆ ನೀರಿದ್ದರೆ ಅದಕ್ಕೆ ದಾರಿಯೂ ಆಯಿತು. ಬಿಚ್ಚುವ ಮುನ್ನ ಸುತ್ತಲಿನ ಮಣ್ಣು, ನಾರು, ಇಲಿಯ ಹಿಕ್ಕೆ ಎಲ್ಲವನ್ನೂ ಬ್ರಶ್ಶಿನಿಂದ ಉಜ್ಜಿ, ಗಾಳಿ ಊದಿ ತೆಗೆಯಿರಿ. ಇಲ್ಲವಾದರೆ ಅದೆಲ್ಲ ತೂತಿನ ಮೂಲಕ ಸಿಲಿಂಡರಿನೊಳಗೇ ಬೀಳುತ್ತದೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ ಬಿಗಿಯಾಗಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಕಳೆಯಲು ಬಿಡಿ. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆದರೆ ತಿರುಪಿನ ಮರೆ ಹರಿಯುವುದಿಲ್ಲ. ಯಾವ ನಾಝಲ್ ಯಾವ ಸಿಲಿಂಡರಿನದು ಎಂದು ಗುರುತು ಹಾಕಿ, ಬಾಯಿಗೆ ಶುಭ್ರವಾದ ಬಟ್ಟೆ ಸುತ್ತಿಡಿ.

ತೂತಿನೊಳಗೆ ಸಣ್ಣ ಟಾರ್ಚ್ ಹಿಡಿದು ನೋಡಿ. ಮೊಬೈಲಿಗೆ ಜೋಡಿಸುವ ತಂತಿಯಂಥ ಕ್ಯಾಮೆರಾ ಇದ್ದರೆ ಗೋಡೆಯೂ ಕಾಣುತ್ತದೆ. ಗೋಡೆ ಬೂದು ಬಣ್ಣದಲ್ಲಿ ಹೊಳೆಯುತ್ತಿದ್ದರೆ ಒಳ್ಳೆಯ ಲಕ್ಷಣ. ಎಲ್ಲ ಸಿಲಿಂಡರುಗಳೂ ಹಾಗಿದ್ದು ಒಂದರಲ್ಲಿ ಮಾತ್ರ ಕಾವಿ ಬಣ್ಣದ ಪುಡಿಯೋ ಪಟ್ಟಿಯೋ ಕಂಡರೆ ನಿಮ್ಮ ಶತ್ರು ಯಾರೆಂದು ತಿಳಿದಂತಾಯಿತು.

ಕೈಯಿಂದ ತಿರುಗಿಸುವುದು

ಪ್ರತಿ ಸಿಲಿಂಡರಿಗೆ ಒಂದೆರಡು ಟೀ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ಗಂಟೆ ಕಾಯಿರಿ. ಒಣ ರಿಂಗುಗಳು ತುಕ್ಕಿನ ಮೇಲೆ ಉಜ್ಜಿದರೆ ಗೋಡೆಗೆ ಗೀರು ಬೀಳುತ್ತದೆ, ಅದನ್ನು ತಪ್ಪಿಸಲು ಇಷ್ಟು ಸಾಕು. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ ಸರಿಯಾದ ಅಳತೆಯ ಬಾಕ್ಸ್ ಸ್ಪ್ಯಾನರ್ ಕೂರಿಸಿ. ಪುಲ್ಲಿಯ ಅಂಚಿನ ಮೇಲೂ, ಅದರ ಎದುರಿಗೆ ಎಂಜಿನ್ನಿನ ಮೈಮೇಲೂ ಸೀಮೆಸುಣ್ಣದಿಂದ ಒಂದಕ್ಕೊಂದು ನೇರವಾಗಿ ಗೆರೆ ಎಳೆಯಿರಿ. ಈ ಎರಡು ಗೆರೆಗಳಿಲ್ಲದೆ ಮಾಡಿದ ಪರೀಕ್ಷೆಯಲ್ಲಿ ಅಲುಗಿತೇ ಇಲ್ಲವೇ ಎಂಬ ಬಗ್ಗೆ ಇಬ್ಬರು ಮೂರು ಅಭಿಪ್ರಾಯ ಹೇಳುತ್ತಾರೆ. ಪಾನಾ ಬಾಗಿದ್ದನ್ನೇ ಎಂಜಿನ್ ತಿರುಗಿತೆಂದು ಸಂಭ್ರಮಿಸಿದವರನ್ನು ನಾನು ನೋಡಿದ್ದೇನೆ.

ಎಂಜಿನ್ ಓಡುವಾಗ ತಿರುಗುವ ದಿಕ್ಕಿನಲ್ಲಿಯೇ ಬಲ ಹಾಕಬೇಕು. ಪುಲ್ಲಿಯ ಎದುರು ನಿಂತು ನೋಡಿದಾಗ ಬಹುಪಾಲು ಎಂಜಿನ್ನುಗಳಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕು. ಹೋಂಡಾದ ಕೆಲವು ಹಳೆಯ ಎಂಜಿನ್ನುಗಳಂತೆ ಇದಕ್ಕೆ ಅಪವಾದಗಳಿರುವುದರಿಂದ ಕೈಪಿಡಿಯಲ್ಲಿ ನೋಡಿಕೊಳ್ಳಿ. ಪ್ಲಗ್ ತೆಗೆದ ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ಒಂದಡಿ ಹಿಡಿಯ ಪಾನಾಕ್ಕೆ ಒಂದೇ ಕೈಯಲ್ಲಿ ತಿರುಗಬೇಕು. ನಾಝಲ್ ತೆಗೆದ ಟ್ರ್ಯಾಕ್ಟರಿಗೆ ಎರಡಡಿ ಹಿಡಿ ಮತ್ತು ಎರಡು ಕೈ ಸಾಕು. ಅಷ್ಟಕ್ಕೂ ಅಲುಗದಿದ್ದರೆ ಹಿಡಿಗೆ ನಾಲ್ಕಡಿ ಪೈಪು ಸೇರಿಸುವ ಯೋಚನೆ ಮಾಡಬೇಡಿ, ಬೋಲ್ಟ್ ಮುರಿದರೆ ಎಂಜಿನ್ ಬಿಟ್ಟ ಮೇಲೂ ಆ ಕೆಲಸ ಉಳಿಯುತ್ತದೆ. ಪುಲ್ಲಿಯ ಬೋಲ್ಟ್ ಕೈಗೆ ಸಿಗದ ಟ್ರ್ಯಾಕ್ಟರುಗಳಲ್ಲಿ ಸೆಲ್ಫ್ ಮೋಟಾರ್ ತೆಗೆದ ಜಾಗದಿಂದ ಫ್ಲೈವೀಲಿನ ಹಲ್ಲಿಗೆ ಟಾಮಿ ಸಲಾಕೆ ಕೊಟ್ಟು ಮೆಲ್ಲಗೆ ಮೀಟಬಹುದು.

ತಿರುಗಿಸುವಾಗ ಮುಖವನ್ನು ಪ್ಲಗ್‌ನ ತೂತುಗಳಿಂದ ದೂರವಿಡಿ ಮತ್ತು ತೂತುಗಳ ಮೇಲೆ ಹಳೆಯ ಬಟ್ಟೆ ಹಾಸಿ, ಏಕೆಂದರೆ ಒಳಗಿನ ನೀರೋ ಎಣ್ಣೆಯೋ ಪಿಚಕಾರಿಯಂತೆ ಬರುತ್ತದೆ. ಈಗ ಕೈಗೆ ಸಿಗುವ ಅನುಭವವನ್ನು ಓದಿಕೊಳ್ಳಬೇಕು. ಒಂದೇ ಸಮನಾದ ಸಣ್ಣ ಬಿಗಿಯೊಂದಿಗೆ ಪುಲ್ಲಿ ಎರಡು ಪೂರ್ಣ ಸುತ್ತು ಬಂದರೆ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಇಡೀ ಆವರ್ತನ ಮುಗಿದಂತೆ. ನಿಮ್ಮ ಎಂಜಿನ್ ಸೀಜ್ ಆಗಿಲ್ಲ. ಒಂದೇ ಸುತ್ತಿಗೆ ನಿಲ್ಲಿಸಬೇಡಿ, ಏಕೆಂದರೆ ವಾಲ್ವುಗಳನ್ನು ಆಡಿಸುವ ಕ್ಯಾಮ್ ಆಗ ಅರ್ಧ ಸುತ್ತು ಮಾತ್ರ ಬಂದಿರುತ್ತದೆ. ಗೆರೆ ಒಂದು ಬೆರಳಿನಷ್ಟು ಸರಿದು, ಮೆತ್ತಗೆ ಒತ್ತಿಕೊಂಡು ನಿಂತರೆ ರಿಂಗುಗಳು ತುಕ್ಕಿನ ಪಟ್ಟಿಗೆ ತಾಕಿವೆ. ಚೆನ್ನಾಗಿ ತಿರುಗುತ್ತಾ ಬಂದು ಪ್ರತಿ ಬಾರಿಯೂ ಅದೇ ಗುರುತಿನಲ್ಲಿ, ಕಲ್ಲಿಗೆ ಬಡಿದಂತೆ ‘ಟಣ್’ ಎಂದು ನಿಂತರೆ ಪಿಸ್ಟನ್ ಯಾವುದೋ ಲೋಹಕ್ಕೆ ತಾಕುತ್ತಿದೆ: ತೆರೆದೇ ಅಂಟಿಕೊಂಡ ವಾಲ್ವ್ ಇರಬಹುದು, ಟೈಮಿಂಗ್ ತಪ್ಪಿರಬಹುದು, ಒಳಗೆ ಬಿದ್ದ ನಟ್ಟೂ ಇರಬಹುದು. ಅಲ್ಲಿ ತಕ್ಷಣ ಕೈ ನಿಲ್ಲಿಸಿ. ಹೆಡ್ಡಿನ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿ ನೋಡಿದರೆ ಅಂಟಿದ ವಾಲ್ವ್ ಕಣ್ಣಿಗೇ ಬೀಳುತ್ತದೆ. ಉಳಿದವು ಮೇಲೆದ್ದಿರುವಾಗ ಅದೊಂದು ಮಾತ್ರ ತಗ್ಗಿನಲ್ಲೇ ಕೂತು, ಅದರ ಮತ್ತು ಅದನ್ನು ಒತ್ತುವ ರಾಕರಿನ ನಡುವೆ ಬೆರಳುಗುರು ತೂರುವಷ್ಟು ಸಂದು ಬಿಟ್ಟಿರುತ್ತದೆ. ಇನ್ನು ಗೆರೆ ಕೂದಲೆಳೆಯಷ್ಟೂ ಸರಿಯದಿದ್ದರೆ, ಅದೇ ನಿಜವಾದ ಸೀಜ್.

ನೆನೆಹಾಕುವುದು

ತುಕ್ಕಿನ ಸೀಜ್ ಎಂದು ಅನ್ನಿಸಿದರೆ ಪ್ರತಿ ಸಿಲಿಂಡರಿಗೆ 30ರಿಂದ 50 ಮಿಲಿಲೀಟರ್ ತೆಳುವಾದ ಎಣ್ಣೆ ಬಿಡಿ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಆಯಿಲನ್ನು ಅಸಿಟೋನಿನೊಂದಿಗೆ ಸಮಸಮ ಬೆರೆಸುವುದು ಬಲ್ಲವರ ಕ್ರಮ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕೊಬ್ಬರಿ ಅಟ್ಟದ ಕೆಳಗೆ, ಒಣ ಸಿಪ್ಪೆಯ ನಡುವೆ ಅದನ್ನು ಬಳಸಬೇಡಿ. ಗಾಡಿಯನ್ನು ಹೊರಗೆ ತಳ್ಳಿಕೊಂಡು ಹೋಗಿ. ಅಷ್ಟು ಅವಸರವಿಲ್ಲದವರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲಿನ ಸಮಪಾಲು ಮಿಶ್ರಣವೂ ಸಾಕು, ದಿನ ಮಾತ್ರ ಹೆಚ್ಚು ಬೇಕು.

ಸಂಜೆ ಎಣ್ಣೆ ಬಿಟ್ಟ ಮೇಲೆ ಒಂದು ಮೊಂಡು ತಂತಿಯನ್ನು ತೂತಿನೊಳಗೆ ಇಳಿಸಿ ಎಣ್ಣೆ ಎಷ್ಟು ಎತ್ತರವಿದೆ ಎಂದು ಗುರುತು ಮಾಡಿಕೊಳ್ಳಿ. ಬೆಳಿಗ್ಗೆ ಅದೇ ತಂತಿಗೆ ಎಣ್ಣೆ ಕಡಿಮೆ ತಾಕಿದರೆ ಅದು ರಿಂಗುಗಳ ಸಂದಿನಲ್ಲಿ ಇಳಿಯುತ್ತಿದೆ ಎಂದು ಭರವಸೆ ಇಡಬಹುದು. ಪೂರ್ತಿ ಖಾಲಿಯಾಗಿದ್ದರೆ ತೆರೆದ ವಾಲ್ವಿನಿಂದ ಸೈಲೆನ್ಸರಿನ ಕಡೆಗೆ ಹರಿದುಹೋಗಿರಲೂಬಹುದು, ಮತ್ತೊಮ್ಮೆ ಬಿಡಿ. ದಿನಕ್ಕೆ ಎರಡು ಬಾರಿ, ಐದೈದು ನಿಮಿಷ, ಮೊದಲು ಮುಂದಕ್ಕೆ, ಆಮೇಲೆ ಸ್ವಲ್ಪ ಹಿಂದಕ್ಕೆ, ಅಲುಗಾಡಿಸುವಂತೆ ಬಲ ಹಾಕಿ. ಟೈಮಿಂಗ್ ಬೆಲ್ಟ್ ಇರುವ ಕಾರುಗಳಲ್ಲಿ ಹಿಂದಕ್ಕೆ ತಿರುಗಿಸುವುದು ಬೇಡ, ಬೆಲ್ಟ್ ಹಲ್ಲು ತಪ್ಪಬಹುದು. ಮೊದಲ ದಿನ ಗೆರೆ ನೂಲಿನಷ್ಟು ಸರಿದರೆ ಅದನ್ನು ಗೆಲುವೆಂದೇ ಎಣಿಸಿ, ಅಲ್ಲಿಗೇ ಬಿಟ್ಟು ಮತ್ತೆ ಎಣ್ಣೆ ಹಾಕಿ. ಮೂರು ದಿನಕ್ಕೆ ಬಿಟ್ಟುಕೊಟ್ಟವೂ ಇವೆ, ಎರಡು ವಾರ ಕಾಯಿಸಿದವೂ ಇವೆ. ಎರಡು ವಾರವಾದರೂ ಗೆರೆ ಇದ್ದಲ್ಲೇ ಇದ್ದರೆ ಇನ್ನು ಹೆಡ್ ಬಿಚ್ಚದೆ ಗತಿಯಿಲ್ಲ.

ಬುಲೆಟ್, ಜಾವಾದಂಥ ದ್ವಿಚಕ್ರ ವಾಹನಗಳಿಗೆ ಕೆಲಸ ಇಷ್ಟು ದೊಡ್ಡದಲ್ಲ. ಪ್ಲಗ್ ಬಿಚ್ಚಿ, ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಕೊನೆಯ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಾಕು. ಕಿಕ್ಕರ್ ಮೇಲೆ ನಿಂತು ಹಾರುವುದು ಮಾತ್ರ ಬೇಡ, ಕಿಕ್ಕರಿನ ಹಲ್ಲುಗಳು ಎಂಜಿನ್ನಿಗಿಂತ ಮೊದಲು ಹೋಗುತ್ತವೆ. ಹಳೆಯ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವಾದ್ದರಿಂದ ಸೈಲೆನ್ಸರ್ ಪೈಪ್ ಕಳಚಿದರೆ ಸಿಲಿಂಡರಿನ ಕಿಂಡಿಯಲ್ಲಿಯೇ ಪಿಸ್ಟನ್ನಿನ ಮಗ್ಗುಲೋ ಗೋಡೆಯೋ ಕಾಣುತ್ತದೆ.

ತಿರುಗಿದ ಮೇಲೆ

ಎಂಜಿನ್ ಬಿಟ್ಟುಕೊಂಡ ಸಂತೋಷದಲ್ಲಿ ಅದೇ ಸಂಜೆ ಸ್ಟಾರ್ಟ್ ಮಾಡಲು ಹೋಗುವುದು ಸಾಮಾನ್ಯವಾದ ತಪ್ಪು. ನೆನೆಹಾಕಿದ ಎಣ್ಣೆ ಸಂಪಿಗೆ ಇಳಿದು ಅಲ್ಲಿನ ಆಯಿಲನ್ನು ತೆಳುವಾಗಿಸಿರುತ್ತದೆ, ಆದ್ದರಿಂದ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಸಿಲಿಂಡರಿನೊಳಗೆ ಉಳಿದಿರುವ ಎಣ್ಣೆ ನೀರಿನಷ್ಟೇ ಅಪಾಯಕಾರಿ. ಪ್ಲಗ್ ಕೂರಿಸುವ ಮುನ್ನ ಹತ್ತು ಹನ್ನೆರಡು ಸುತ್ತು ಕೈಯಿಂದ ತಿರುಗಿಸಿ ಅದನ್ನೆಲ್ಲ ಹೊರಹಾಕಿ. ಆಮೇಲೆ ಬ್ಯಾಟರಿ ಜೋಡಿಸಿ, ಪ್ಲಗ್ ಅಥವಾ ನಾಝಲ್ ಇನ್ನೂ ಹೊರಗಿರುವಾಗಲೇ, ಪೆಟ್ರೋಲ್ ಗಾಡಿಯಾದರೆ ಇಂಧನವನ್ನೂ ಇಗ್ನಿಷನ್ನನ್ನೂ ಕಡಿದು, ಡೀಸೆಲ್ ಗಾಡಿಯಾದರೆ ಎಂಜಿನ್ ನಿಲ್ಲಿಸುವ ‘ಸ್ಟಾಪ್’ ಗುಂಡಿ ಎಳೆದು, ಹತ್ತು ಸೆಕೆಂಡ್ ಸೆಲ್ಫ್ ಕೊಟ್ಟು ಒಂದು ನಿಮಿಷ ಬಿಡುವು ಕೊಡುತ್ತಾ ಆಯಿಲ್ ಪ್ರೆಷರಿನ ದೀಪ ಆರುವವರೆಗೆ ಅಥವಾ ಮುಳ್ಳು ಏಳುವವರೆಗೆ ತಿರುಗಿಸಿ. ವರ್ಷಗಟ್ಟಲೆ ಒಣಗಿದ ಬೇರಿಂಗುಗಳಿಗೆ ಆಯಿಲ್ ತಲುಪುವುದು ಆಗಲೇ.

ಹಳೆಯ ಇಂಧನವನ್ನು ನಂಬಬೇಡಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದ್ದು, ಅದು ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕಿನ ತಳದಿಂದ ಎಲ್ಲವನ್ನೂ ಇಳಿಸಿ, ಡೀಸೆಲ್ ಫಿಲ್ಟರ್ ಬದಲಿಸಿ ಇಂಧನದ ಕೊಳವೆಯಲ್ಲಿ ಸೇರಿದ ಏರ್ ತೆಗೆಯಿರಿ. ನಾಝಲ್ ಪರೀಕ್ಷಿಸುವಾಗ ಅದರ ತುಂತುರಿಗೆ ಕೈ ಒಡ್ಡಬೇಡಿ, ಆ ಒತ್ತಡದಲ್ಲಿ ಡೀಸೆಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಬಹಳ ದಿನ ನಿಂತ ಡೀಸೆಲ್ ಪಂಪಿನಲ್ಲಿ ಇಂಧನದ ಅಳತೆ ಹಿಡಿಯುವ ರ್‍ಯಾಕ್ ಅಂಟಿಕೊಂಡಿದ್ದರೆ ಅಥವಾ ಒಳಗೆ ಎಣ್ಣೆ ಹೆಚ್ಚು ಉಳಿದಿದ್ದರೆ ಎಂಜಿನ್ ಸ್ಟಾರ್ಟ್ ಆದೊಡನೆ ಹತೋಟಿ ತಪ್ಪಿ ಕಿರುಚುತ್ತಾ ಏರುವುದುಂಟು, ಆಗ ಕೀ ತೆಗೆದರೂ ಸ್ಟಾಪ್ ಎಳೆದರೂ ನಿಲ್ಲದಿರಬಹುದು. ಅದಕ್ಕಾಗಿ ಏರ್ ಕ್ಲೀನರಿನ ಕೊಳವೆಯನ್ನು ಬಿಚ್ಚಿಟ್ಟು, ಅದರ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ಅಗಲದ ಮರದ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಗಾಳಿ ನಿಂತರೆ ಎಂಜಿನ್ ನಿಲ್ಲುತ್ತದೆ. ಅಂಗೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡುವಂತಿಲ್ಲ. ಸ್ಟಾರ್ಟ್ ಆದ ಮೇಲೆ ಮೊದಲ ಹತ್ತು ನಿಮಿಷ ನೀಲಿ ಮಿಶ್ರಿತ ಬಿಳಿ ಹೊಗೆ ಬರುವುದು ನೆನೆಹಾಕಿದ ಎಣ್ಣೆಯಿಂದ. ಅರ್ಧ ಗಂಟೆಯಾದರೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗುಗಳು ಪಿಸ್ಟನ್ನಿನ ತೋಡುಗಳಲ್ಲೇ ಅಂಟಿವೆ. ಟ್ರ್ಯಾಕ್ಟರಿನ ಎಂಜಿನ್ ಓಡುತ್ತಿದ್ದೂ ಗೇರ್ ಕಿರ್‍ರೆಂದು ಸದ್ದು ಮಾಡಿ ಬೀಳದೆ ಹೋದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದೆ ಎಂದರ್ಥ, ಅದು ಬೇರೆಯೇ ಅಧ್ಯಾಯ.

ಬಿಡದೆ ಉಳಿದ ಎಂಜಿನ್ನನ್ನು ಗ್ಯಾರೇಜಿಗೆ ಒಯ್ಯುವುದಾದರೆ ಹಗ್ಗ ಕಟ್ಟಿ ಎಳೆಸುವಾಗ ನ್ಯೂಟ್ರಲ್‌ನಲ್ಲಿಯೇ ಇರಲಿ, ದಾರಿಯಲ್ಲಿ ಒಮ್ಮೆ ಗೇರ್ ಹಾಕಿ ನೋಡೋಣ ಎಂಬ ಆಸೆ ಬೇಡ. ಮೆಕ್ಯಾನಿಕ್‌ಗೆ ಮೊದಲು ಹೆಡ್ ಮಾತ್ರ ಬಿಚ್ಚಲು ಹೇಳಿ, ಪಿಸ್ಟನ್ನುಗಳು ಕಣ್ಣಿಗೆ ಬಿದ್ದ ಮೇಲೆ ಮುಂದಿನ ಮಾತು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಸಿಲಿಂಡರಿನ ಒಳಗೋಡೆಯಾದ ಲೈನರನ್ನೇ ಹೊರಗೆಳೆದು ಹೊಸದು ಕೂರಿಸಬಹುದಾದ್ದರಿಂದ ಒಂದು ಸಿಲಿಂಡರ್ ಹಾಳಾದರೆ ಇಡೀ ಬ್ಲಾಕ್ ಹೋದಂತಲ್ಲ; ಲೈನರ್ ಇಲ್ಲದ ಸಣ್ಣ ಕಾರುಗಳಿಗೆ ಸಿಲಿಂಡರನ್ನು ಕೊರೆದು ಅಗಲಿಸುವ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕಾಗುತ್ತದೆ. ಪಿಸ್ಟನ್ ಇಳಿಸಲು ಹೊಡೆಯುವುದೇ ಆದರೆ ಸುತ್ತಿಗೆಗೂ ಪಿಸ್ಟನ್ನಿಗೂ ನಡುವೆ ಸಿಲಿಂಡರಿಗಿಂತ ತುಸು ಸಣ್ಣ ಅಗಲದ ಮರದ ಕೊರಡು ಇರಲಿ. ನಮ್ಮ ಮಾವನ ಟ್ರ್ಯಾಕ್ಟರಿಗೆ ಬಳಸಿದ್ದು ತೋಟದ ಹಲಸಿನ ಕೊರಡು. ಅದು ಈಗಲೂ ಕೊಟ್ಟಿಗೆಯಲ್ಲಿದೆ, ಸೈಲೆನ್ಸರಿನ ಬಾಯಿಗೆ ತಂತಿಯಿಂದ ಬಿಗಿದು ಕಟ್ಟಿದ ತಗಡಿನ ಡಬ್ಬವೂ ಇದೆ.